ಭೇಟಿಯ ಸಮಯ

ಕಾವಲುಗಾರ ಬಂದು ಅವಳ ಗಂಡನ ಎರಡೂ ಕೈಗೆ ಕೋಳ ತೊಡಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಮುಖ ತಿರುಗಿಸಿದಳು.

ಕೋಳ ಪ್ಲಾಸ್ಟಿಕ್ಕಿನದು. ಲಿಫ್ಟ್ ರಿಪೇರಿ ಮಾಡುವ ಗಂಡನ ದಪ್ಪ ಮಣಿಕಟ್ಟಿಗೆ ಅದು ಕೊನೆಯ ಹಲ್ಲಿನಲ್ಲಿ ಕೂತಿತ್ತು. ಕಾವಲುಗಾರನೋ, ಖಾಕಿ ತೊಟ್ಟ ವೇಟರ್. ಊರಿನ ಈ ಹೊಸ ಕೆಫೆಯನ್ನು ಥೇಟ್ ಜೈಲಿನಂತೆ ಕಟ್ಟಿದ್ದರು. ಸಾಲು ಕೋಣೆಗಳು, ಕಬ್ಬಿಣದ ಕಂಬಿ, ಕಂಬಿಯ ಕೆಳಗಿನ ಸಂದಿಯಿಂದ ಒಳಗೆ ತಳ್ಳುವ ಅಲ್ಯೂಮಿನಿಯಂ ತಟ್ಟೆ. ಬಾಗಿಲಲ್ಲೇ ಎಲ್ಲರಿಗೂ ಪಟ್ಟೆಪಟ್ಟೆಯ ಟೋಪಿ ಕೊಟ್ಟಿದ್ದರು. ಆರು ವರ್ಷದ ಗುಂಡನಿಗೆ ಅದು ಮೂಗಿನ ತನಕ ಇಳಿದಿತ್ತು. ಅವಳು ತನ್ನದನ್ನು ತೊಡಲಿಲ್ಲ, ಮಡಿಲಲ್ಲಿಟ್ಟುಕೊಂಡು ಅಂಚನ್ನು ತಿರುವುತ್ತಿದ್ದಳು.

ಬೆಳಿಗ್ಗೆಯೇ ಕೇಳಿದ್ದಳು, “ಬೇರೆ ಜಾಗ ಸಿಗಲಿಲ್ವೇನ್ರೀ?”

“ಒಂದ್ಸಲ ಕಣ್ಣಲ್ಲಿ ನೋಡಿಬಿಟ್ರೆ ಅರ್ಧ ಭಯ ಹೋಗುತ್ತೆ,” ಎಂದಿದ್ದ ಅವನು, ಗುಂಡನ ಶೂ ಲೇಸು ಬಿಗಿಯುತ್ತ.

ಯಾರ ಭಯ ಎಂದು ಅವಳು ಕೇಳಲಿಲ್ಲ.

ಬಸ್ಸು ಹಿಡಿದು ಬಂದಿದ್ದರು. ಎರಡು ವರ್ಷದ ಹಿಂದಿನ ಆ ಬೆಳಗಿನಿಂದ ಈಚೆಗೆ ಮನೆಯಲ್ಲಿ ಯಾರೂ ಸ್ಟೀರಿಂಗ್ ಮುಟ್ಟಿರಲಿಲ್ಲ. ಫೋನಿಗಾಗಿ ಕಣ್ಣು ತಗ್ಗಿಸಿದ್ದು ಎರಡೇ ಕ್ಷಣ. ತಲೆ ಎತ್ತುವಷ್ಟರಲ್ಲಿ ರಸ್ತೆ ದಾಟುತ್ತಿದ್ದ ಮುದುಕ ಬಾನೆಟ್ಟಿನ ಮೇಲಿದ್ದ, ಗಾಜಿನ ತುಂಬ ಅವನು ಕೊಂಡೊಯ್ಯುತ್ತಿದ್ದ ಹಾಲು. ಮುದುಕನ ಮಗಳು ಕೋರ್ಟಿನಲ್ಲಿ ಒಂದು ದಿನವೂ ಬೈಯಲಿಲ್ಲ, ಶಪಿಸಲಿಲ್ಲ. ಪ್ರತಿ ಸಲವೂ ಮುಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು, ಅಷ್ಟೇ. ಕಳೆದ ವಾರ ಮೇಲಿನ ಕೋರ್ಟೂ ಶಿಕ್ಷೆಯನ್ನು ಎತ್ತಿಹಿಡಿಯಿತು. ಮೂರು ವರ್ಷ. ನಾಳೆ ಹನ್ನೊಂದು ಗಂಟೆಗೆ ಶರಣಾಗಬೇಕು.

ಕಾರಿಗೆ ಯಾರೋ ಸಿಕ್ಕಿ ಸತ್ತರು, ಅದಕ್ಕೇ ಅಪ್ಪ ಅಮ್ಮ ಕೋರ್ಟಿಗೆ ಓಡಾಡುತ್ತಾರೆ. ಮಕ್ಕಳಿಗೆ ಗೊತ್ತಿದ್ದದ್ದು ಇಷ್ಟೇ. ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದರಾಯಿತು ಎಂದು ಅವಳು ಗೋಗರೆದಿದ್ದಳು. ಮಕ್ಕಳ ಮುಖ ನೋಡಿಕೊಂಡು ಮೂರು ವರ್ಷ ಸುಳ್ಳು ನಡೆಸುವುದು ಆಗದ ಮಾತು ಎಂದು ಅವನು ಪಟ್ಟು ಹಿಡಿದಿದ್ದ. ಈ ವಾರವೆಲ್ಲ ಮನೆಯನ್ನು ಒಂಟಿ ಕೈಗೆ ಒಗ್ಗಿಸುವುದರಲ್ಲೇ ಕಳೆದಿತ್ತು. ಗುಂಡನ ಅಲರ್ಜಿ ಮಾತ್ರೆಯ ಡಬ್ಬಿಗೆ ಚೀಟಿ, ಫ್ರಿಜ್ಜಿನ ಬಾಗಿಲಿಗೆ ಶಾಲೆಯ ಫೋನ್ ನಂಬರು.

ಕೆಫೆಯ ಮೂಲೆಯಲ್ಲಿ ಭೇಟಿಯ ಕೋಣೆಯೂ ಇತ್ತು. ನಡುವೆ ದಪ್ಪ ಗಾಜು, ಆಚೆಗೊಂದು ಈಚೆಗೊಂದು ಫೋನು. ಗಂಡ ಆಚೆ ಕೂತು ಕೋಳದ ಕೈಯಲ್ಲೇ ಫೋನೆತ್ತಿದ. ಈಚೆ ಒಂಬತ್ತು ವರ್ಷದ ಮಗಳು. ಎದುರುವಾದದ ಚಟಕ್ಕೆ ಮನೆಯಲ್ಲಿ ಅವಳ ಹೆಸರೇ ಲಾಯರಮ್ಮ.

“ಊಟ ಕೊಡ್ತಾರಾ?”

“ಹೊತ್ತು ಹೊತ್ತಿಗೆ.”

“ಹೊಡೀತಾರಾ?”

“ಇಲ್ಲ.”

“ಮನೆ ನೆನಪಾದ್ರೆ ಏನ್ಮಾಡೋದು?”

ಅವನು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. “ನೀವು ಬರೋ ದಿನ ಎಣಿಸ್ತಾ ಕೂರೋದು. ಅದಕ್ಕೇ ಬಂದಾಗ ಅಳಬಾರದು. ಸ್ಕೂಲಲ್ಲಿ ಏನಾಯ್ತು, ಯಾರ ಜೊತೆ ಜಗಳ ಆಡಿದ್ರಿ, ಎಲ್ಲ ಹೇಳ್ಬೇಕು. ಒಳಗಿರೋರಿಗೆ ಅದೇ ಜೀವ.”

ಹಲ್ಲು ಬಿದ್ದರೂ ಹೇಳಬಹುದೇ ಎಂದು ಗುಂಡ ಕೇಳಿದ. ಹಲ್ಲು ಬಿದ್ದರೆ ಮೊದಲು ಅದನ್ನೇ ಹೇಳಬೇಕು ಎಂದು ಅಪ್ಪ ಅಂದ.

ಪಕ್ಕದ ಮೇಜಿನ ಹೆಂಗಸು ನಗುತ್ತ ಇವಳತ್ತ ಬಾಗಿದಳು. “ನಿಮ್ಮ ಯಜಮಾನ್ರು ಎಷ್ಟು ಚೆನ್ನಾಗಿ ನಟಿಸ್ತಾರೆ.”

“ಹೌದು,” ಎಂದಳು. “ಒಂದು ವಾರದಿಂದ ಹೀಗೇ.”

ಗಂಟೆ ಹೊಡೆಯಿತು. ಭೇಟಿಯ ಸಮಯ ಮುಗಿಯಿತೆಂದು ವೇಟರ್ ಕೂಗಿದ. ಗಂಡ ಕೋಳ ಬಿಚ್ಚಿಸಿಕೊಂಡು ಬಂದು ಅವಳ ಪಕ್ಕ ನಿಂತ. ಮಣಿಕಟ್ಟು ಕೆಂಪಗಾಗಿತ್ತು.

“ಹೇಳಿಬಿಡ್ಲಾ?” ಎಂದ ಮೆಲ್ಲಗೆ.

ಬೇಡ ಎಂದು ತಲೆಯಾಡಿಸಿದಳು. ಅವನ ಕಣ್ಣು ತುಂಬಿತು. ಅವನು ಮಕ್ಕಳಿಗೆ ಕಾಣದಂತೆ ಗೋಡೆಯತ್ತ ತಿರುಗಿದ.

ಈಗ ಅಮ್ಮನ ಸರದಿ ಎಂದು ಗುಂಡ ಸೆರಗು ಜಗ್ಗತೊಡಗಿದ. ಅವಳು ಎದ್ದಳು. ಗಾಜಿನಾಚೆ ಹೋಗಿ ಕೂತು ಫೋನೆತ್ತಿಕೊಂಡಳು. ಈಚೆ ಒಂದೇ ಫೋನಿಗೆ ಎರಡು ಕಿವಿ ಅಂಟಿಕೊಂಡವು.

“ಹಲೋ ಕೈದಿ,” ಎಂದ ಗುಂಡ. “ನೀನೇನು ತಪ್ಪು ಮಾಡ್ದೆ?”

“ಆವತ್ತು ಕಾರು ಓಡಿಸ್ತಿದ್ದೋಳು ನಾನು ಕಂದ,” ಎಂದಳು ಅವಳು. “ನಾಳೆಯಿಂದ ನೀವು ನನ್ನ ನೋಡೋಕೆ ನಿಜವಾದ ಜೈಲಿಗೇ ಬರ್ಬೇಕು.”