ಬಟನ್ ಒತ್ತಿದವರು

"ಇದರ ಹೊಟ್ಟೆಯೊಳಗೆ ಬೇರೆ ಯಾರದೋ ಹೆಸರಿದೆಯಲ್ರೀ ಟೀಚರ್," ಎಂದು ಪ್ರೆಸ್ಸಿನ ಯಜಮಾನರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಫೋಟೋದಲ್ಲಿ ಇದ್ದದ್ದು ಟೀಚರ್‌ದೇ ಎರಡು ಕೈಗಳು, ಬೆರಳ ತುದಿ ಜೋಡಿಸಿ 'ಮನೆ' ಎನ್ನುತ್ತಿದ್ದವು. ಮೇಲೆ ನೋಡಿದರೆ ಏನೂ ಇಲ್ಲ. ಫೈಲಿನ ವಿವರ ತೆರೆದರೆ ಮಾತ್ರ ಅವಳ ತಮ್ಮನ ಸ್ಟುಡಿಯೋ ಹೆಸರು, ಅದರ ಕೆಳಗೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲು. ಒಂದರಲ್ಲಲ್ಲ, ಪುಸ್ತಕದ ಅಷ್ಟೂ ಫೋಟೋಗಳಲ್ಲಿ.

ಅವಳು ಕಿವುಡ ಮಕ್ಕಳ ಶಾಲೆಯ ಟೀಚರು. ಸನ್ನೆ ಕಲಿಸುವ ಈ ಮೊದಲ ಪುಸ್ತಕ ಸೋಮವಾರ ಮಕ್ಕಳ ಕೈಯಲ್ಲಿರಬೇಕಿತ್ತು. ಫೋಟೋಗಳನ್ನು ಆಗಲೇ ಇಂಟರ್ನೆಟ್ಟಿಗೂ ಹಾಕಿ, ಯಾರು ಬೇಕಾದರೂ ಬಳಸಿ, ಅಚ್ಚು ಹಾಕಿ, ಹಂಚಿ, ಯಾರ ಅಪ್ಪಣೆಯೂ ಬೇಡ ಎಂದು ಬರೆದುಬಿಟ್ಟಿದ್ದಳು. ಈಗ ನೋಡಿದರೆ ಹೊರಗೆ ಅವಳು 'ತಗೊಳ್ಳಿ' ಎನ್ನುತ್ತಿದ್ದಾಳೆ, ಒಳಗೆ ತಮ್ಮ 'ಮುಟ್ಟಬೇಡಿ' ಎನ್ನುತ್ತಿದ್ದಾನೆ. ಸ್ಟುಡಿಯೋದ ಹಳೇ ಕ್ಯಾಮೆರಾವನ್ನು ಅವನು ಮನೆಗೆ ಕೊಟ್ಟಾಗ ಎಷ್ಟು ಒಳ್ಳೆಯವನಪ್ಪ ಎಂದು ಹಿಗ್ಗಿದ್ದಳು, ಪಾಪ.

"ಅಳಿಸಿಬಿಡೋಣ್ವಾ? ಯಾರಿಗೂ ಗೊತ್ತಾಗಲ್ಲ," ಎಂದರು ಯಜಮಾನರು ದನಿ ತಗ್ಗಿಸಿ.

"ಕದ್ದವರ ಥರ ನಾನ್ಯಾಕೆ ಅಳಿಸಲಿ? ಅವನನ್ನೇ ಕರೆಸ್ತೀನಿ," ಎಂದು ಟೀಚರ್ ಫೋನ್ ಎತ್ತಿಕೊಂಡಳು.

ತಮ್ಮ ಬಂದ. ಪುಸ್ತಕ ಅಚ್ಚಾಗುವುದನ್ನು ನೋಡಬೇಕೆಂದು ಮಗಳ ಜೊತೆ ಬಂದಿದ್ದ ಅಮ್ಮ, ಕಾಗದದ ಬಂಡಲುಗಳ ಪಕ್ಕ ಸ್ಟೂಲಿನ ಮೇಲೆ ಕೂತಿದ್ದವಳು, ಮಗನನ್ನು ಕಂಡು ಏನೋ ಕೈಯಾಡಿಸಿ ಕೇಳಿದಳು. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಯಲ್ಲೇ. ಅವನು ಸುಮ್ಮನೆ ತಲೆಯಾಡಿಸಿದ. ಊಟ, ಬಾ, ಹೋಗು ಬಿಟ್ಟರೆ ಅಮ್ಮನ ಸನ್ನೆ ಯಾವುದೂ ಅವನ ತಲೆಗೆ ಹತ್ತಿದ್ದಿಲ್ಲ, ಹತ್ತಿಸಿಕೊಳ್ಳುವ ಗೋಜಿಗೂ ಅವನು ಹೋದವನಲ್ಲ.

"ಕೊಡುವಾಗಲೇ ಸೆಟ್ ಮಾಡಿದ್ದೆ ಅಕ್ಕ. ಆ ಕ್ಯಾಮೆರಾದಲ್ಲಿ ಏನೇ ತೆಗೆದ್ರೂ ನನ್ನ ಸ್ಟುಡಿಯೋ ಹೆಸರು ತಾನಾಗೇ ಬಂದು ಕೂರುತ್ತೆ. ನಿನ್ನ ಪುಸ್ತಕಕ್ಕೆ ಬೇಕಾದ್ರೆ ನಾನೇ ಒಪ್ಪಿಗೆ ಬರೆದುಕೊಡ್ತೀನಿ, ನೆಟ್ಟಿಂದ ಮಾತ್ರ ಎಲ್ಲ ತೆಗೆದುಹಾಕು. ಬೇರೆ ಶಾಲೆಯವರು ಬೇಕಾದ್ರೆ ನನ್ನನ್ನ ಕೇಳಿ ತಗೊಳ್ಳಲಿ."

"ಅಮ್ಮನ ಭಾಷೆ ಕಣೋ ಇದು. ಅದಕ್ಕೆ ನೀನು ಬಾಗಿಲು ಕಾಯ್ತೀಯಾ?"

"ಭಾಷೆ ಅಮ್ಮಂದೇ ಇರ್ಲಿ, ಫೋಟೋ ನಂದು."

"ತೆಗೆದಿದ್ದು ನೀನಾ?"

"ನೀನೂ ಅಲ್ವಲ್ಲ ಅಕ್ಕ. ನಿನ್ನ ಎರಡು ಕೈನೂ ಫೋಟೋದಲ್ಲೇ ಇದಾವೆ. ಮೂರನೇ ಕೈ ಎಲ್ಲಿಂದ ತಂದೆ?" ತಮ್ಮ ಯಜಮಾನರ ಕಡೆ ತಿರುಗಿ ನಕ್ಕ.

ಯಜಮಾನರು ತಲೆ ಕೆರೆದುಕೊಂಡರು. "ನೋಡಿ, ಕೋರ್ಟು ಕಚೇರಿ ಅಲೆಯೋಕೆ ನನ್ನ ಕೈಲಾಗಲ್ಲ. ಕ್ಯಾಮೆರಾ ಯಾರದಾದ್ರೂ ಇರ್ಲಿ, ಬಟನ್ ಒತ್ತಿದವರು ಯಾರು ಹೇಳಿ. ಅವರು ಹೂಂ ಅಂದ್ರೆ ಮೆಷಿನ್ ಓಡಿಸ್ತೀನಿ."

"ಅಮ್ಮ ಒತ್ತಿದ್ದು," ಎಂದಳು ಟೀಚರ್.

ತಮ್ಮನ ನಗು ಅಲ್ಲೇ ನಿಂತಿತು. ಅಷ್ಟೂ ಫೋಟೋ ತೆಗೆದದ್ದು ಅಮ್ಮನೇ. ಮಗಳ ಬೆರಳು ಒಂಚೂರು ಸೊಟ್ಟಗಾದರೂ ಎದ್ದು ಬಂದು, ಕೈಗೆ ಫಟ್ಟಂತ ಒಂದು ಕೊಟ್ಟು, ತಿದ್ದಿ, ಮತ್ತೆ ಕ್ಯಾಮೆರಾದ ಹಿಂದೆ ಹೋಗಿ ಬಟನ್ ಒತ್ತುತ್ತಿದ್ದಳು. ಇಡೀ ರಜೆಯಲ್ಲಿ ಟೀಚರ್ ಅಮ್ಮನ ಹತ್ತಿರ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ.

ಟೀಚರ್ ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ನಡೆದದ್ದನ್ನೆಲ್ಲ ಕೈಯಲ್ಲಿ ಹೇಳಿದಳು. ಅಮ್ಮನ ಹುಬ್ಬು ಗಂಟಾಯಿತು. ಎದ್ದು ನಿಂತಳು. ಮೊದಲು ಯಜಮಾನರ ಮುಂದೆ, ಆಮೇಲೆ ಮಗನ ಮೂಗಿನ ಹತ್ತಿರ ಅವಳ ಕೈಗಳು ಸರಸರ ಓಡಿದವು. ಒತ್ತಿದವಳು ನಾನು. ಎಲ್ಲರಿಗೂ ಇರಲಿ ಅಂತ ಕೊಟ್ಟವಳೂ ನಾನು. ಕ್ಯಾಮೆರಾ ಕೊಟ್ಟ ಮಾತ್ರಕ್ಕೆ ನನ್ನ ಮಾತೆಲ್ಲ ನಿನ್ನದಾಗಲ್ಲ, ಆಚೆ ಸರಿ.

ವಾರವೆಲ್ಲ ಈ ಪುಸ್ತಕದ ಪ್ರೂಫ್ ನೋಡಿದ್ದ ಯಜಮಾನರಿಗೆ ಅದು ಮುಕ್ಕಾಲುಪಾಲು ಅರ್ಥವಾಗಿಬಿಟ್ಟಿತು. "ಆಯ್ತಮ್ಮ," ಎಂದವರೇ ಒಳಗೆ ಹೋಗಿ ಮೆಷಿನ್ ಚಾಲೂ ಮಾಡಿದರು. ನೆಲ ಅದುರತೊಡಗಿತು. ಅದು ಅಂಗಾಲಿಗೆ ತಿಳಿದು ಅಮ್ಮನ ಮುಖ ಅರಳಿತು.

ತಮ್ಮ ಅಮ್ಮನನ್ನೂ ಅಕ್ಕನನ್ನೂ ಮಿಕಮಿಕ ನೋಡಿದ. "ಅಮ್ಮ ಏನಂದ್ಲು ಅಕ್ಕ?"

ಮಾತು ಬಂದಾಗಿನಿಂದ ಅವನು ಇದನ್ನೇ ಕೇಳುತ್ತ ಬಂದಿದ್ದ, ಅವಳೂ ಹೇಳುತ್ತ ಬಂದಿದ್ದಳು. ಇವತ್ತು ಹೇಳಲಿಲ್ಲ.

"ಅಚ್ಚಾಗಿ ಬರ್ತಾ ಇದೆ ಕಣೋ. ಒಂದು ತಗೊಂಡು ಹೋಗಿ ಕಲಿ," ಎಂದಳು. "ಯಾರನ್ನೂ ಕೇಳಬೇಕಾಗಿಲ್ಲ."