ಅಂಗಾತ ಬಿದ್ದ ಹುಲಿ

ಪಕ್ಕದ ಮನೆಯ ಕಿಟಕಿಗೆ ಬಳಿಯುತ್ತಿರುವ ವಾರ್ನಿಷಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮಾವನ ಹುಲಿವೇಷ ನೆನಪಾಗುತ್ತದೆ.

ಅಮ್ಮನ ತಮ್ಮನಾದ ಈ ಮಾವ ಹಂಚಿನ ಕಾರ್ಖಾನೆಯಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕಿದ್ದರು. ನನ್ನ ಬಾಲ್ಯದ ಒಂದು ನವರಾತ್ರಿಯಲ್ಲಿ ಮಣ್ಣಗುಡ್ಡದ ನಮ್ಮ ಅಂಗಳದಲ್ಲಿ ಅವರೂ ಆ ಮೇಸ್ತ್ರಿಯೂ ಮೈತುಂಬ ವಾರ್ನಿಷ್ ಬೆರೆಸಿದ ಬಣ್ಣದ ಪಟ್ಟೆ ಬರೆಸಿಕೊಂಡು, ಅದು ಒಣಗಲೆಂದು ಕೋಲುಗಳ ಮೇಲೆ ಕೈ ಚಾಚಿ ನಿಂತಿದ್ದರು. ಒಣಗುವ ತನಕ ಕೂರುವ ಹಾಗಿಲ್ಲ. ನಾನು ಮೆಲ್ಲಗೆ ಇಬ್ಬರ ಬೆನ್ನನ್ನೂ ಮುಟ್ಟಿ ನೋಡಿದೆ. ಮೇಸ್ತ್ರಿಯದು ಆಗಲೇ ಒಣಗಿತ್ತು. ಮಾವನದು ಬೆರಳಿಗೆ ಅಂಟಿತು.

“ಹುಲಿ ಜಗಳಕ್ಕೆ ಬಂದದ್ದು ಹೇಗೆ ಗೊತ್ತಾಗ್ತದೆ ಮಾವ?”

“ಕೂಗುವುದು ಬರೀ ಹೆದರಿಸಲಿಕ್ಕೆ. ಭುಜ ತಗ್ಗಿಸಿ ಸುಮ್ಮನಾದರೆ ಹಾರ್ತದೆ ಅಂತ ಅರ್ಥ,” ಎಂದರು ಮಾವ. “ಅಂಗಾತ ಬಿದ್ದ ಹುಲಿ ಸೋತಿತು ಅಂತ ಮಾತ್ರ ತಿಳ್ಕೊಳ್ಬೇಡ. ಆಗ ನಾಲ್ಕು ಕಾಲಿನ ಉಗುರೂ ಮೇಲೆ ಉಂಟು.”

ಮಧ್ಯಾಹ್ನ ತಾಸೆಯ ಬಡಿತಕ್ಕೆ ಇಬ್ಬರೂ ಎದುರುಬದುರಾದರು. ಮೇಸ್ತ್ರಿ ಭುಜ ತಗ್ಗಿಸಿ ಹಾರಿದರು. ಮಾವ ಅಂಗಾತ ಬಿದ್ದರು. ಸೇರಿದ ಜನ ನಕ್ಕರು. ನಾನು ನಗದೆ ಉಗುರಿಗಾಗಿ ಕಾದೆ. ಮೇಸ್ತ್ರಿ ಬಂದು ಎದೆಯ ಮೇಲೆ ಕಾಲಿಟ್ಟು ನಿಂತರೂ ಮಾವನ ಕೈಕಾಲು ಮಡಚಿದ ಹಾಗೆಯೇ ಇದ್ದವು.

ಸಂಜೆ ಅಮ್ಮ ತೆಂಗಿನೆಣ್ಣೆ ಹಚ್ಚಿ ಮಾವನ ಬಣ್ಣ ತೆಗೆಯುತ್ತಿದ್ದಳು.

“ನೀವು ಯಾಕೆ ಪರಚಲಿಲ್ಲ ಮಾವ?”

“ಮೇಸ್ತ್ರಿಯವರ ಬಣ್ಣ ಹಸಿ ಇತ್ತು ಮಗಾ. ಹಾಳಾಗ್ತಿತ್ತು.”

ಅಮ್ಮನ ಕೈ ಒಂದು ಗಳಿಗೆ ನಿಂತು ಮತ್ತೆ ಉಜ್ಜತೊಡಗಿತು. ನಾನು ನನ್ನ ಬೆರಳನ್ನು ನೋಡಿಕೊಂಡೆ. ಅದಕ್ಕೆ ಅಂಟಿದ್ದ ಹಳದಿ ಮಾವನ ಬೆನ್ನಿನದೇ.