ಆರು ಸಾಲಿನ ಕೆಲಸ

ಆಯುಧಪೂಜೆಗೆ ಸಂಘದ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಮುಗಿಸಿದ ಗುಮಾಸ್ತ ಶಿವನಂಜಯ್ಯ, ಗೋಡೆಗೆ ಅಂಟಿಸಿದ್ದ ಮೂರು ಹಾಳೆಗಳಿಗೂ ಕುಂಕುಮ ಇಡಲು ಹೋದಾಗ ರೂಪ ತಡೆದಳು.

"ಅವಿನ್ನು ಬ್ಯಾಡ ಶಿವನಂಜಯ್ಯೋರೆ."

ಹನೂರಿನ ಆ ಬೀಜ-ಗೊಬ್ಬರದ ಸಂಘದಲ್ಲಿ ಊರಿನ ಹೆಸರಿನ ಎರಡಕ್ಷರ ಬರೆದು ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತಿತ್ತು. ಹಾಗೆ ತುಂಬಿಕೋ ಎಂದು ಅದಕ್ಕೆ ಹೇಳುವ ಆಜ್ಞೆಗಳೇ ಆ ಮೂರು ಹಾಳೆ. ಬರೆದವನು ಮೈಸೂರಿನ ಮೂರ್ತಿ. ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು ಕಂಸ, ನಡುನಡುವೆ ಎಳ್ಳು ಚೆಲ್ಲಿದ ಹಾಗೆ ಡಾಲರ್ ಗುರುತು. ಒಂದು ಹೊಸ ಊರು ಸೇರಿಸಬೇಕಾದರೂ ಮೂರ್ತಿಯೇ ಬರಬೇಕು. ಬಂದರೆ ಜೀಪು, ಬೋಂಡ, ಕಾಫಿ. ಯಾರಿಗೂ ಅರ್ಥವಾಗದ್ದರಿಂದ ಎಲ್ಲರಿಗೂ ಅದರ ಮೇಲೆ ಭಕ್ತಿ.

ರೂಪ ಹಂಗಾಮಿ ನೌಕರಳು. ಮೂರ್ತಿಯ ಕೆಲಸವನ್ನು ನೀನೇ ಮಾಡಿ ತೋರಿಸಿದರೆ ಖಾಯಂ ಮಾಡಿಸುತ್ತೇನೆ ಎಂದು ಕಾರ್ಯದರ್ಶಿ ಸದಾಶಿವಪ್ಪ ಮಾತು ಕೊಟ್ಟಿದ್ದರು. ಅವಳು ಬೆಟ್ಟದ ಮಾದಪ್ಪನನ್ನು ನೆನೆದು ಹದಿನೈದು ದಿನ ಕೂತಳು. ಗಂಟು ಬಿಡಿಸುತ್ತ ಹೋದ ಹಾಗೆ ಮೂರು ಹಾಳೆ ಕರಗಿ ಆರು ಸಾಲಾಯಿತು. ಊರುಗಳನ್ನು ಬೇರೆ ಪಟ್ಟಿಗೆ ತೆಗೆದಿಟ್ಟಳು. ಇನ್ನು ಮೇಲೆ ಹೊಸ ಊರು ಬಂದರೆ ಆ ಪಟ್ಟಿಯ ಕೊನೆಗೆ ಹೆಸರು ಬರೆದರೆ ಸಾಕು.

ಹಬ್ಬ ಮುಗಿದು ಸಂಘ ತೆರೆದ ದಿನ ಸದಾಶಿವಪ್ಪ ಆರು ಸಾಲಿನ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು.

"ಇಷ್ಟೇಯಾ?"

ಎಷ್ಟು ಸುಲಭವಾಗಿದೆ ಎಂದು ತೋರಿಸಲೆಂದೇ ರೂಪ ಶಿವನಂಜಯ್ಯನನ್ನು ಕುರ್ಚಿಯಲ್ಲಿ ಕೂರಿಸಿದಳು. ಮೂವತ್ತು ವರ್ಷ ಗೊಬ್ಬರದ ಮೂಟೆ ಎಣಿಸಿದ ಕೈ ಅದು. ಆತ ಕೀಬೋರ್ಡಿಗೆ ನಮಸ್ಕರಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ, ಪಟ್ಟಿಯ ಕೊನೆಗೆ ಗೋಪಿನಾಥಂ ಎಂದು ಸೇರಿಸಿದ. ಆಮೇಲೆ ಎರಡಕ್ಷರ ಬರೆದು ಟ್ಯಾಬ್ ಒತ್ತಿದ. ಊರಿನ ಹೆಸರು ಪೂರ್ತಿ ಮೂಡಿ ನಿಂತಿತು.

"ಬಂತು ಕಣ್ರಿ ಸಾ. ನಂಗೂ ಅರ್ಥ ಆಯ್ತದೆ."

ರೂಪಳ ಎದೆ ತುಂಬಿತು. ಸದಾಶಿವಪ್ಪ ಮಾತ್ರ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು.

"ಶಿವನಂಜಯ್ಯನ ಕೈಲೇ ಆಗೋ ಕೆಲ್ಸಕ್ಕೆ ಖಾಯಂ ನೌಕರಿ ಕೊಡಿ ಅಂತ ಕಮಿಟೀಲಿ ಎಂಗ್ ಕೇಳ್ಲಿ ಕಣಮ್ಮ? ಮೂರ್ತಿ ಆದ್ರೆ, ಅವ್ನ ಬುಟ್ರೆ ಗತಿ ಇಲ್ಲ ಅನ್ನಬೋದಾಗಿತ್ತು" ಎಂದು, ಬೇಸರದಿಂದಲೇ ಎದ್ದುಹೋದರು.

ಶಿವನಂಜಯ್ಯ ಮೆಲ್ಲಗೆ ಎದ್ದು, ಕುರ್ಚಿಯನ್ನು ರೂಪಳ ಕಡೆ ಸರಿಸಿದ.

"ತಪ್ಪಾಯ್ತು ಕಣವ್ವ. ಅರ್ಥ ಆಗ್ನಿಲ್ಲ ಅಂದ್ಬುಡಬೇಕಾಗಿತ್ತು ನಾನು."